ಮಗ ತಪ್ಪು ಮಾಡುವುದು ಕಾಣುತ್ತಿದ್ದರೂ ಸುಮ್ಮನಿರಬಹುದೇ?

ಪ್ರಶ್ನೆ: ನವನಗರದ ತಾಯಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 16 ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 86 ಅಂಕ ಪಡೆದು, ಈ ವರ್ಷ ಇಲ್ಲಿಯದೇ ಒಂದು ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷದ ವಿಜ್ಞಾನ ವಿಭಾಗಕ್ಕೆ ಸೇರಿದ್ದಾನೆ. ವಾಣಿಜ್ಯ ವಿಭಾಗ ತೆಗೆದುಕೋ ಎಂದು ಅವನ ತಂದೆ ಹೇಳಿದ್ದರು. ವಿಜ್ಞಾನವೇ ಬೇಕೆಂದು ಅವನು ಹಟ ಹಿಡಿದಾಗ, ಆಯ್ಕೆ ಅವನದಾಗಲಿ ಎಂದು ನಾನು ಅವನ ಪರವಾಗಿ ಮಾತನಾಡಿದ್ದೆ.

ಕಳೆದ ವಾರ ಚಳಿಗೆಂದು ಕೌದಿಗಳನ್ನು ಹೊರತೆಗೆಯುವಾಗ ಅವುಗಳ ಮಡಿಕೆಯಲ್ಲಿ ಅವನ ಮಧ್ಯವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಸಿಕ್ಕಿತು. ಭೌತಶಾಸ್ತ್ರ ಮತ್ತು ಗಣಿತ ಎರಡರಲ್ಲೂ ಅವನು ತೇರ್ಗಡೆಯಾಗಿಲ್ಲ. ಪಾಲಕರ ಸಹಿ ಇರಬೇಕಾದ ಜಾಗದಲ್ಲಿ ನನ್ನ ಯಜಮಾನರ ಸಹಿ ಇತ್ತು, ಆದರೆ ಅದನ್ನು ಅವರು ಹಾಕಿರಲಿಲ್ಲ. ನಾನು ಅಂಕಪಟ್ಟಿಯನ್ನು ಮತ್ತೆ ಅದೇ ಮಡಿಕೆಯಲ್ಲಿಟ್ಟು, ಇಂದಿಗೆ ಆರು ದಿನಗಳಿಂದ ಯಾರಿಗೂ ಹೇಳದೆ ಕುಳಿತಿದ್ದೇನೆ. ಯಜಮಾನರಿಗೆ ತಿಳಿದರೆ ಮೊಬೈಲು ಕಸಿದುಕೊಂಡು, ನಾಳೆಯಿಂದ ಕಾಲೇಜೇ ಬೇಡ ಎನ್ನಬಹುದು. ಅತ್ತೆಯವರಿಗೆ ತಿಳಿದರೆ ಊರಿಗೆಲ್ಲ ತಿಳಿಯುತ್ತದೆ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಅವನನ್ನು ಬೆಳಿಗ್ಗೆ ಎಬ್ಬಿಸುವುದು, ಚೀಲ ಜೋಡಿಸುವುದು, ಮರೆತುಹೋದ ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ಆಟೋ ಹಿಡಿದು ಕಾಲೇಜಿನವರೆಗೆ ಮುಟ್ಟಿಸುವುದು, ಇವೆಲ್ಲವನ್ನೂ ಇಂದಿಗೂ ನಾನೇ ಮಾಡುತ್ತೇನೆ. ಜೂನ್ ತಿಂಗಳಿನಿಂದ ನಾಲ್ಕು ಬಾರಿ ಹೀಗೆ ಹೋಗಿದ್ದೇನೆ. ತಪ್ಪಿನಿಂದ ತಾನೇ ಕಲಿಯಲಿ ಎಂದು ಈಗ ಬಿಟ್ಟುಬಿಡಬೇಕೆ, ಅಥವಾ ಇಷ್ಟು ದೂರ ಬಂದ ಮೇಲೆ ಕೈ ಬಿಡುವುದೇ ತಪ್ಪಾಗುತ್ತದೆಯೆ? ಜೊತೆಗೆ, ದ್ವಿಚಕ್ರ ವಾಹನ ಬೇಕೆಂದು ಎರಡು ತಿಂಗಳಿನಿಂದ ಪೀಡಿಸುತ್ತಿದ್ದಾನೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಪ್ರೌಢಶಾಲಾ ಶಿಕ್ಷಕ, ಬೀಳಗಿ ತಾಲ್ಲೂಕು

ತಾಯಿ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ. ಗಂಟನ್ನು ಬಿಚ್ಚದೆ ಉತ್ತರ ಹೇಳಿದರೆ ಮಗುವಿಗೆ ಅನ್ಯಾಯವಾಗುತ್ತದೆ. ಅಂಕ ಕಡಿಮೆಯಾದದ್ದು ಒಂದು, ಸಹಿ ಹಾಕಿಕೊಂಡದ್ದು ಇನ್ನೊಂದು, ರೆಕಾರ್ಡ್ ಪುಸ್ತಕ ಮರೆಯುವುದು ಮತ್ತೊಂದು.

ಮೊದಲನೆಯದನ್ನು ನಾನು ತಪ್ಪು ಎಂದು ಕರೆಯಲಾರೆ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿದವನು ನಾನು. ನಮ್ಮ ಜಿಲ್ಲೆಯಲ್ಲಿ ಪ್ರತಿವರ್ಷ ಜಾಣ ಮಕ್ಕಳು ಹತ್ತನೆಯ ತರಗತಿಯವರೆಗೆ ವೇಗೋತ್ಕರ್ಷ, ಸಂವೇಗ, ವಿದ್ಯುತ್ ವಿಭವ ಎಂದು ಬರೆದು ಒಳ್ಳೆಯ ಅಂಕ ತೆಗೆದು, ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ವಿಷಯವನ್ನು ಆಕ್ಸಿಲರೇಷನ್, ಮೊಮೆಂಟಮ್, ಪೊಟೆನ್ಷಿಯಲ್ ಎಂದು ಇಂಗ್ಲಿಷಿನಲ್ಲಿ ಕೇಳಿ, ತಮಗೆ ಗೊತ್ತಿರುವುದೇ ಇದು ಎಂಬುದನ್ನೂ ಗುರುತಿಸಲಾಗದೆ ತಬ್ಬಿಬ್ಬಾಗುತ್ತಾರೆ. ಪಾಠ ಅರ್ಥವಾಗಲಿಲ್ಲವೆಂದು ಕೈ ಎತ್ತಿ ಕೇಳಬೇಕಾದರೂ ಆ ಇಂಗ್ಲಿಷೇ ಬೇಕು. ಶೇಕಡಾ 86 ಅಂಕ ಪಡೆದ ಹುಡುಗ ಎರಡು ವಿಷಯಗಳಲ್ಲಿ ಹಿಂದೆ ಬಿದ್ದನೆಂದರೆ ಸೋಮಾರಿತನವನ್ನು ಹುಡುಕುವ ಮೊದಲು ಭಾಷೆಯನ್ನು ನೋಡಿ. ಆಳ ಗೊತ್ತಿಲ್ಲದ ನೀರಿನಲ್ಲಿ ಕಾಲು ಸಿಗದೆ ಒದ್ದಾಡುವವನಿಗೆ ತಾನೇ ಕಲಿಯಲಿ ಎಂದು ದಡದಲ್ಲಿ ನಿಲ್ಲುವುದು ಕಲಿಸುವ ಕ್ರಮವಲ್ಲ. ನಾವೆಲ್ಲ ಹೊಲದ ಬಾವಿಯಲ್ಲಿ ಈಜು ಕಲಿತವರು. ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ಕೈಯಲ್ಲಿ ಹಿಡಿದು, ಎರಡು ಗುಟುಕು ನೀರು ಕುಡಿಯುವವರೆಗೆ ನಮ್ಮ ಕಾಕಾ ಸುಮ್ಮನಿರುತ್ತಿದ್ದರು, ಮೂರನೆಯ ಗುಟುಕಿಗೆ ಎಳೆಯುತ್ತಿದ್ದರು. ನಿಮ್ಮ ಮಗ ಈಗ ಎಷ್ಟನೆಯ ಗುಟುಕಿನಲ್ಲಿದ್ದಾನೆ ಎಂಬುದನ್ನು ಅವನ ಬಾಯಿಂದಲೇ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯದು, ಸಹಿ. ಇದು ತಪ್ಪೇ. ಆದರೆ ಇದು ಹೆದರಿಕೆಯಿಂದ ಹುಟ್ಟಿದ ತಪ್ಪು, ಮತ್ತು ಆ ಹೆದರಿಕೆ ಮನೆಯಲ್ಲಿದೆ ಎಂಬುದನ್ನು ನೀವೇ ಬರೆದಿದ್ದೀರಿ. ಅಂಕಪಟ್ಟಿಯನ್ನು ಮತ್ತೆ ಕೌದಿಯಲ್ಲಿ ಮುಚ್ಚಿಟ್ಟ ನೀವು ಮಾಡಿದ್ದೂ, ಅವನು ಮಾಡಿದ್ದೂ ಒಂದೇ ಕಾರಣಕ್ಕೆ. ಕಟುವಾಗಿ ಕೇಳಿಸಿದರೆ ಕ್ಷಮಿಸಿ, ಹಾಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ.

ನಾನು ಬಿ.ಎಡ್. ಓದುವಾಗ ರುಡಾಲ್ಫ್ ಡ್ರೈಕರ್ಸ್ ಎಂಬ ಮನೋವೈದ್ಯರ ವಿಚಾರ ಪರಿಚಯವಾಗಿತ್ತು. ವಿಯೆನ್ನಾದಲ್ಲಿ ಹುಟ್ಟಿ, ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಅವರ ಹಾದಿಯಲ್ಲಿ ಕೆಲಸ ಮಾಡಿ, ಮುಂದೆ ಶಿಕಾಗೋದಲ್ಲಿ ನೆಲೆಸಿದವರು ಅವರು. ತಪ್ಪಿನಿಂದ ತಾನಾಗಿಯೇ ಬರುವ ಪರಿಣಾಮ ಒಂದು ಬಗೆ, ಹಿರಿಯರು ಆ ತಪ್ಪಿಗೆ ಹೊಂದುವಂತೆ ಏರ್ಪಡಿಸುವ ಪರಿಣಾಮ ಇನ್ನೊಂದು ಬಗೆ, ಶಿಕ್ಷೆ ಎಂಬುದು ಇವೆರಡೂ ಅಲ್ಲ ಎಂದು ಅವರು ವಿಂಗಡಿಸಿದ್ದರು. ಕೊಡೆ ಬಿಟ್ಟುಹೋದವನು ನೆನೆಯುವುದು ತಾನಾಗಿಯೇ ಬರುವ ಪರಿಣಾಮ. ಗೋಡೆಗೆ ಮಸಿ ಚೆಲ್ಲಿದವನು ಗೋಡೆ ತೊಳೆಯುವುದು ಹೊಂದುವ ಪರಿಣಾಮ. ಗೋಡೆಗೆ ಮಸಿ ಚೆಲ್ಲಿದ್ದಕ್ಕೆ ಜಾತ್ರೆಗೆ ಕಳುಹಿಸದಿರುವುದು ಶಿಕ್ಷೆ. ಮಸಿಗೂ ಜಾತ್ರೆಗೂ ಸಂಬಂಧವಿಲ್ಲವಾದ್ದರಿಂದ ಮಗು ಮಸಿಯನ್ನು ಮರೆತು ನಮ್ಮ ಸಿಟ್ಟನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಹಾಗೆ ನೋಡಿದರೆ ಸಹಿಗೆ ಹೊಂದುವ ಪರಿಣಾಮ ಒಂದೇ: ಯಾರ ಸಹಿ ಹಾಕಿದನೋ ಅವರ ಮುಂದೆಯೂ, ಯಾರಿಗೆ ಅದನ್ನು ತೋರಿಸಿದನೋ ಅವರ ಮುಂದೆಯೂ ಅವನೇ ಹೋಗಿ ಹೇಳಬೇಕು. ಮೊಬೈಲು ಕಸಿದುಕೊಳ್ಳುವುದಕ್ಕೂ ಸಹಿಗೂ ಸಂಬಂಧವಿಲ್ಲ.

ಮೂರನೆಯದಕ್ಕೆ ಬಹಳ ಮಾತು ಬೇಡ. ಐದನೆಯ ಬಾರಿ ಆಟೋ ಹತ್ತಬೇಡಿ. ರೆಕಾರ್ಡ್ ಇಲ್ಲದೆ ಪ್ರಯೋಗಾಲಯದ ಹೊರಗೆ ಒಂದು ಗಂಟೆ ನಿಂತರೆ ಯಾವ ಹುಡುಗನೂ ಕೆಡುವುದಿಲ್ಲ.

ವಿಜ್ಞಾನದ ಆಯ್ಕೆಯೇ ತಪ್ಪಾಯಿತೆಂದು ಈಗಲೇ ತೀರ್ಮಾನಿಸಬೇಡಿ. ನಾವು ಕೂಡಲಸಂಗಮದ ಸೀಮೆಯವರು. ಬಾಗೇವಾಡಿಯ ಬಾಲಕನೊಬ್ಬ ಉಪನಯನ ಒಲ್ಲೆನೆಂದು ಮನೆ ಬಿಟ್ಟು ಸಂಗಮಕ್ಕೆ ಬಂದನೆಂಬ ಕಥೆಯನ್ನು ಪ್ರತಿ ಬಸವ ಜಯಂತಿಯಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅಂದು ಆ ಮನೆಯವರಿಗೆ ಅದು ಎಂತಹ ತಪ್ಪಾಗಿ ಕಂಡಿರಬೇಕು ಎಂಬುದನ್ನು ಮಾತ್ರ ಯೋಚಿಸುವುದಿಲ್ಲ.

ಉತ್ತರ 2: ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ

ಗುರುಗಳು ಬರೆದಿರುವಷ್ಟು ಓದು ನನಗಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮದು ಎರಡೂವರೆ ಎಕರೆ ದ್ರಾಕ್ಷಿ ತೋಟ, ಹೆಚ್ಚಿನದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಎರಡು ವರ್ಷಗಳ ಹಿಂದೆ ನನ್ನ ಹಿರಿಯ ಮಗನಿಗೆ 17 ವರ್ಷವಿದ್ದಾಗ, ಪ್ರತಿಯೊಂದಕ್ಕೂ ನಾನು ಹೇಳಿದಂತೆ ಕೇಳುತ್ತಾ ಬೇಸರಗೊಂಡಿದ್ದ ಅವನು, ನನಗೂ ಒಂದಿಷ್ಟು ಬಿಡಿ, ನಾನೇ ಮಾಡಿ ತೋರಿಸುತ್ತೇನೆ ಎಂದ. ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ, ಹೊತ್ತಿಗೆ ತೋಟದ ಪೂರ್ವದ ಕಡೆಯ ಹನ್ನೆರಡು ಸಾಲುಗಳನ್ನು ಅವನ ಹೆಸರಿಗೆ ಬಿಟ್ಟೆ. ಯಾವಾಗ ಚಾಟ್ನಿ, ಎಷ್ಟು ನೀರು, ಯಾವ ದಿನ ಸಿಂಪರಣೆ, ಎಷ್ಟು ಆಳು, ಎಲ್ಲ ತೀರ್ಮಾನವೂ ಅವನದು, ಲೆಕ್ಕದ ಪುಸ್ತಕವೂ ಅವನದು. ಬಂದ ಹಣದಲ್ಲಿ ಖರ್ಚು ಕಳೆದು ಉಳಿದದ್ದು ಅವನದೇ ಎಂದೆ. ಒಂದನ್ನು ಮಾತ್ರ ಬಿಡಲಿಲ್ಲ: ಔಷಧ ಕಲಸುವುದು ಮತ್ತು ಪಂಪಿಗೆ ತುಂಬುವುದು ನನ್ನ ಕೈಯಲ್ಲೇ ಇರುತ್ತದೆ, ಆ ವಿಷಯದಲ್ಲಿ ವಾದ ಬೇಡ ಎಂದು ಮೊದಲೇ ಹೇಳಿದ್ದೆ. ಹನ್ನೆರಡು ಸಾಲು ಎಂದು ಏಕೆ ಆರಿಸಿದೆನೆಂದರೆ, ಹನ್ನೆರಡು ಸಾಲು ಪೂರ್ತಿ ಹೋದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಚಾಟ್ನಿಯಾಗಿ ಚಿಗುರು ಬಂದ ಮೇಲೆ ನವೆಂಬರ್ ಮೊದಲ ವಾರ ಎರಡು ದಿನ ಮೋಡ ಕವಿದು ಮಳೆ ಹನಿಯಿತು. ಡೌನಿ ರೋಗ ಬರುವುದೇ ಅಂತಹ ಹವಾಮಾನದಲ್ಲಿ. ಅವನ ಸಾಲುಗಳ ಎಲೆಗಳ ಮೇಲೆ ಎಣ್ಣೆಯ ಕಲೆಯಂತಹ ಹಳದಿ ಮಚ್ಚೆಗಳು ನನಗೆ ಕಂಡವು, ಎಲೆ ತಿರುಗಿಸಿದರೆ ಬೆಳ್ಳನೆಯ ಬೂಷ್ಟು ಇತ್ತು. ಸಂಜೆ ಅವನಿಗೆ ಹೇಳಿದೆ. ಗೆಳೆಯನ ಅಕ್ಕನ ಮದುವೆಗೆ ಹೋಗಿ ಬಂದು ನಾಡಿದ್ದು ನೋಡುತ್ತೇನೆ ಎಂದ. ಆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳೆದ ಗಿಡ ಕಣ್ಣೆದುರಿಗೇ ಕೆಡುತ್ತಿರುವಾಗ ರೈತನಾದವನು ಕೈಕಟ್ಟಿ ಕೂರುವುದು ಎಷ್ಟು ಕಷ್ಟವೆಂದು ತೋಟ ಮಾಡಿದವರಿಗೆ ಗೊತ್ತು. ಪಂಪು ಎತ್ತಿಕೊಂಡು ಹೊರಟವನನ್ನು ನನ್ನ ಹೆಂಡತಿ ಬಾಗಿಲಲ್ಲಿ ತಡೆದು, ಕೊಟ್ಟ ಮೇಲೆ ಕೊಟ್ಟಹಾಗೆ ಇರಲಿ ಎಂದಳು. ಅವನು ಬರುವಷ್ಟರಲ್ಲಿ ಎಳೆಯ ಗೊಂಚಲುಗಳಿಗೂ ರೋಗ ಏರಿತ್ತು. ಕೊನೆಗೆ ಹನ್ನೆರಡು ಸಾಲಿನಲ್ಲಿ ಮೂರು ಸಾಲಿನಷ್ಟು ಹಣ್ಣೂ ಕೈಗೆ ಬರಲಿಲ್ಲ.

ಇಲ್ಲಿಯವರೆಗೆ ನಾನು ಮಾಡಿದ್ದು ಸರಿ ಎಂದೇ ಈಗಲೂ ತಿಳಿದಿದ್ದೇನೆ. ಆಮೇಲೆ ನಾನು ಮಾಡಿದ್ದು ತಪ್ಪು. ಅವನು ತಾನಾಗಿಯೇ ಕುಗ್ಗಿಹೋಗಿದ್ದ, ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತಾ ಸುಮ್ಮನಿದ್ದ. ನಾನು ಮೊದಲೇ ಹೇಳಿದ್ದೆನಲ್ಲ ಎಂದುಬಿಟ್ಟೆ. ಅವನು ತಟ್ಟೆ ಬಿಟ್ಟು ಎದ್ದ, ಎಂಟು ದಿನ ತೋಟದ ಕಡೆ ಹೆಜ್ಜೆ ಇಡಲಿಲ್ಲ. ಅಲ್ಲಿಯವರೆಗೆ ಅವನ ಸಿಟ್ಟು ಅವನ ಮೇಲೆಯೇ ಇತ್ತು, ಅಂದಿನಿಂದ ನನ್ನ ಮೇಲೆ ತಿರುಗಿತು. ಡೌನಿ ಕಲಿಸುತ್ತಿದ್ದ ಪಾಠವನ್ನು ಒಂದು ಮಾತಿನಿಂದ ನಾನೇ ಅಳಿಸಿದೆ ಎಂದು ಅನಿಸುತ್ತದೆ. ತಾಯಿ, ನೀವು ಏನು ಮಾಡಿದರೂ ಸರಿ, ಆ ಒಂದು ಮಾತನ್ನು ಮಾತ್ರ ಆಡಬೇಡಿ.

ಮರುವರ್ಷ ಅವನು ಸಾಲುಗಳನ್ನು ಕೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಈಗ ವಿಜಯಪುರದಲ್ಲಿ ಬಿ.ಕಾಂ. ಓದುತ್ತಿದ್ದಾನೆ. ತೋಟ ತನಗೆ ಒಗ್ಗುವುದಿಲ್ಲ ಎಂದು ಆ ವರ್ಷವೇ ತಿಳಿಯಿತಂತೆ. ಲೆಕ್ಕದ ಪುಸ್ತಕ ಬರೆಯುವುದು ಮಾತ್ರ ಬಹಳ ಇಷ್ಟವಾಯಿತು ಎಂದು ಅವನೇ ಹೇಳಿದ. ನನ್ನ ತೋಟದ ಲೆಕ್ಕವನ್ನೂ ಈಗ ಅವನೇ ಬರೆಯುತ್ತಾನೆ, ಮತ್ತು ನಾನು ಔಷಧಕ್ಕೆ ಹೆಚ್ಚು ಹಣ ಸುರಿಯುತ್ತಿದ್ದೇನೆ ಎಂದು ಅಂಕಿ ಸಮೇತ ತೋರಿಸುತ್ತಾನೆ.

ಉತ್ತರ 3: ಶುಶ್ರೂಷಕಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ಬೆಳಗಾವಿ

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೆ ಯಾವ ತಪ್ಪಿಗೆ ಅವಕಾಶ ಕೊಡಬಾರದು ಎಂಬುದನ್ನು ಇಬ್ಬರೂ ಸಾಕಷ್ಟು ಹೇಳಿಲ್ಲ. ನಾನು ಅಪಘಾತ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು, ಆದ್ದರಿಂದ ಬೈಕಿನಿಂದಲೇ ಆರಂಭಿಸುತ್ತೇನೆ.

16 ವರ್ಷದ ಹುಡುಗನಿಗೆ ವಾಹನ ಕೊಡಬೇಡಿ. ಕಾನೂನಿನ ಪ್ರಕಾರ 16 ತುಂಬಿದವರು 50 ಸಿಸಿಗಿಂತ ಹೆಚ್ಚಿಲ್ಲದ ವಾಹನವನ್ನು ಮಾತ್ರ ಪರವಾನಗಿ ಪಡೆದು ಓಡಿಸಬಹುದು. ಬೀದಿಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳ ಪೈಕಿ ಹೆಚ್ಚಿನವು 100 ಸಿಸಿಗಿಂತ ಮೇಲಿನವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ದಂಡದ ಭಯಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ತಲೆಗೆ ಪೆಟ್ಟು ಬಿದ್ದ ಮಗುವಿನ ಪಕ್ಕದಲ್ಲಿ ನಿಂತ ತಂದೆ, ನಾನೇ ಕೀಲಿ ಕೊಟ್ಟೆ ಎಂದು ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಕಲಿಯಲು ಯಾರಿಗೂ ಏನೂ ಉಳಿದಿರುವುದಿಲ್ಲ.

ನನ್ನ ಮಗ ಒಳ್ಳೆಯವನು, ಜಾಗ್ರತೆಯಿಂದ ಓಡಿಸುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಒಬ್ಬನೇ ಇದ್ದಾಗ ಅದು ನಿಜವೂ ಇರಬಹುದು. ಹದಿಹರೆಯದಲ್ಲಿ ಸಂತೋಷ ಮತ್ತು ಉದ್ವೇಗಕ್ಕೆ ಸ್ಪಂದಿಸುವ ಮಿದುಳಿನ ಭಾಗಗಳು ಚುರುಕಾಗಿರುತ್ತವೆ, ಮುಂದಾಲೋಚನೆಯಿಂದ ತಡೆಯುವ ಹಣೆಯ ಹಿಂದಿನ ಭಾಗ ಮಾತ್ರ ಇಪ್ಪತ್ತರ ನಂತರವೂ ಕೆಲವು ವರ್ಷ ಬಲಿಯುತ್ತಲೇ ಇರುತ್ತದೆ. 2005ರಲ್ಲಿ ಪ್ರಕಟವಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅವರ ಅಧ್ಯಯನವೊಂದರಲ್ಲಿ ಹದಿಹರೆಯದವರನ್ನೂ ದೊಡ್ಡವರನ್ನೂ ಕಂಪ್ಯೂಟರಿನ ಮೇಲೆ ವಾಹನ ಓಡಿಸುವ ಆಟಕ್ಕೆ ಕೂರಿಸಿದ್ದರು. ಗೆಳೆಯರು ಜೊತೆಯಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಾಯಿತು, 24 ವರ್ಷ ದಾಟಿದವರಲ್ಲಿ ಗೆಳೆಯರಿಂದ ಅಂತಹ ವ್ಯತ್ಯಾಸ ಕಾಣಲಿಲ್ಲ. ಬೈಕಿನ ಹಿಂದೆ ಇಬ್ಬರನ್ನು ಕೂರಿಸಿಕೊಂಡು ಗೋಕಾಕ ಫಾಲ್ಸಿಗೆ ಹೊರಟ ಹುಡುಗ, ನಿಮ್ಮ ಮುಂದೆ ನಿಧಾನವಾಗಿ ಓಡಿಸಿ ತೋರಿಸಿದ ಹುಡುಗನೇ ಆಗಿದ್ದರೂ ಅವನ ತೀರ್ಮಾನ ಬೇರೆಯಾಗಿರುತ್ತದೆ.

ಎರಡನೆಯದನ್ನು ಹೇಳಲು ನನಗೆ ಸ್ವಲ್ಪ ಸಂಕಟವಾಗುತ್ತದೆ. ತಪ್ಪಿನಿಂದ ಕಲಿಯಲಿ ಎಂಬ ಮಾತನ್ನು ನಮ್ಮ ಕಡೆ ಗಂಡುಮಕ್ಕಳ ಬಗ್ಗೆ ಮಾತ್ರ ಆಡುತ್ತಾರೆ. ಎರಡು ವಿಷಯದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಮುಂದಿನ ಪರೀಕ್ಷೆ ಇದೆ, ಎರಡು ವಿಷಯದಲ್ಲಿ ಹಿಂದೆ ಬಿದ್ದ ಹುಡುಗಿಗೆ ವರ ನೋಡುತ್ತಾರೆ. ನಮ್ಮ ಬಂಧುಗಳಲ್ಲೇ ಒಬ್ಬ ಹುಡುಗಿ, ಪರಿಚಯವಿಲ್ಲದವನೊಬ್ಬನಿಗೆ ಫೋನಿನಲ್ಲಿ ತನ್ನ ಫೋಟೋ ಕಳುಹಿಸಿದಳು. ಅವನು ಅದನ್ನಿಟ್ಟುಕೊಂಡು ಹಣ ಕೇಳತೊಡಗಿದ. ಮನೆಯಲ್ಲಿ ತಿಳಿದರೆ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆಂಬ ಹೆದರಿಕೆಯಿಂದ ನಾಲ್ಕು ತಿಂಗಳು ತನ್ನ ಕಿವಿಯೋಲೆ ಮಾರಿ ಅವನಿಗೆ ಹಣ ಕೊಟ್ಟಳು. ಅವಳು ಮಾಡಿದ ತಪ್ಪು ಒಂದು ಸಂಜೆಯದು. ಅದನ್ನು ನಾಲ್ಕು ತಿಂಗಳ ನರಕ ಮಾಡಿದ್ದು ನಮ್ಮ ಮನೆತನದ ಮರ್ಯಾದೆಯ ಮಾತು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದಿತ್ತು, 18ರೊಳಗಿನವರ ನೆರವಿಗೆ 1098 ಇದೆ, ಆದರೆ ಅವೆಲ್ಲಕ್ಕಿಂತ ಮೊದಲು ಅವಳು ತನ್ನ ತಾಯಿಗೆ ಹೇಳುವಂತಿರಬೇಕಿತ್ತು. ಅಂದಿನಿಂದ ನನ್ನ ಮಕ್ಕಳಿಗೆ ಒಂದು ಮಾತು ಕೊಟ್ಟಿದ್ದೇನೆ: ಏನೇ ಮಾಡಿಕೊಂಡು ಬಂದರೂ, ಎಷ್ಟೇ ರಾತ್ರಿಯಾದರೂ, ಮೊದಲು ಕೇಳುತ್ತೇನೆ, ಬೈಯುವುದಿದ್ದರೆ ಮರುದಿನ ಬೈಯುತ್ತೇನೆ.

ನಿಮ್ಮ ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಕಪಟ್ಟಿ ಮುಚ್ಚಿಡುವ ಮಕ್ಕಳು ಕೆಲವೊಮ್ಮೆ ಅದಕ್ಕಿಂತ ಭಾರವಾದದ್ದನ್ನೂ ಮುಚ್ಚಿಟ್ಟಿರುತ್ತಾರೆ. ಊಟ ಕಡಿಮೆಯಾಗಿದೆಯೆ, ರಾತ್ರಿ ಎಚ್ಚರವಿರುತ್ತಾನೆಯೆ, ಗೆಳೆಯರನ್ನು ಬಿಟ್ಟಿದ್ದಾನೆಯೆ, ಬದುಕಿ ಏನು ಪ್ರಯೋಜನ ಎಂಬಂತಹ ಮಾತು ಬಾಯಲ್ಲಿ ಬರುತ್ತಿದೆಯೆ ಎಂದು ಗಮನಿಸಿ. ಬಂದರೆ ಕಲಿಯಲಿ ಎಂದು ಕಾಯಬೇಡಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಆರು ದಿನ ಈಗಾಗಲೇ ಕಳೆದಿವೆ. ಇಂದೇ ಮಾತನಾಡಿ.

ಉತ್ತರ 4: ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ (ಊರು ಗುಳೇದಗುಡ್ಡ)

ನನಗೆ ಈಗ 21 ವರ್ಷ. ಮಗನ ಜಾಗದಲ್ಲಿ ಇದ್ದವನಾದ್ದರಿಂದ ಬರೆಯುತ್ತಿದ್ದೇನೆ.

ದ್ವಿತೀಯ ಪಿಯುಸಿಯಲ್ಲಿದ್ದಾಗ ಹಾಸ್ಟೆಲಿನ ಊಟದ ಹಣ 4,200 ರೂಪಾಯಿಯನ್ನು ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟವೊಂದರಲ್ಲಿ ಮೂರು ದಿನದಲ್ಲಿ ಕಳೆದೆ. 2025ರ ಕಾಯ್ದೆಯಿಂದ ಅಂತಹ ಆಟಗಳಿಗೆ ದೇಶದಲ್ಲಿ ನಿಷೇಧ ಬಂದಿದೆ, ಆಗ ಇರಲಿಲ್ಲ. ನಮ್ಮ ಮನೆಯಲ್ಲಿರುವುದು ರವಿಕೆಯ ಖಣ ನೇಯುವ ಒಂದು ಮಗ್ಗ. ಒಂದು ಖಣಕ್ಕೆ ಎಷ್ಟು ಕೂಲಿ ಬೀಳುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು, ಆದ್ದರಿಂದ ಅಪ್ಪನಿಗೆ ಫೋನ್ ಮಾಡುವ ಮುನ್ನ ಆ ಹಣ ಎಷ್ಟು ಖಣವೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿ ಅತ್ತಿದ್ದೆ. ಅಪ್ಪ ಬೈಯಲಿಲ್ಲ. ಹಾಸ್ಟೆಲಿಗೆ ತಾನೇ ಹಣ ಕಟ್ಟಿ, ಇದು ಸಾಲ, ರಜೆಯಲ್ಲಿ ತೀರಿಸು ಎಂದರು. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಕಂಡಿಕೆಗೆ ನೂಲು ಸುತ್ತುವುದರಿಂದ ಹಿಡಿದು ಮಧ್ಯಾಹ್ನ ಮಗ್ಗಕ್ಕೆ ಕೂರುವವರೆಗೆ ಕೆಲಸ ಮಾಡಿ ತೀರಿಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಲೆಕ್ಕ ಬರೆಯುತ್ತಿದ್ದರು. ಕೊನೆಯ ಹತ್ತೊಂಬತ್ತು ರೂಪಾಯಿಯನ್ನು ಬಿಡಿ ಎಂದು ಅವ್ವ ಹೇಳಿದರೂ ಅಪ್ಪ ಬಿಡಲಿಲ್ಲ. ನನಗೆ ಆಗ ಕೋಪ ಬಂದಿತ್ತು, ಈಗ ಅವರು ಬಿಡದಿದ್ದುದೇ ಒಳ್ಳೆಯದೆನಿಸುತ್ತದೆ, ಏಕೆಂದರೆ ಸಾಲ ಪೂರ್ತಿ ತೀರಿದ ದಿನ ನಾನು ಯಾರ ದಯೆಯಲ್ಲೂ ಇರಲಿಲ್ಲ.

ಅಪ್ಪ ಆ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ. ಸೋದರಮಾವನಿಗೆ ಇಂದಿಗೂ ಗೊತ್ತಿಲ್ಲ. ತಾಯಿ, ಅತ್ತೆಯವರಿಗೆ ಹೇಳದಿರುವುದೇ ಒಳ್ಳೆಯದು. ಭಾಷೆಯ ಬಗ್ಗೆ ಗುರುಗಳು ಬರೆದದ್ದು ಅಕ್ಷರಶಃ ನಿಜ. ನಾನು ಮೊದಲ ಆರು ತಿಂಗಳು ಎಡ ಪುಟದಲ್ಲಿ ಕನ್ನಡ ಪದ, ಬಲ ಪುಟದಲ್ಲಿ ಇಂಗ್ಲಿಷ್ ಪದ ಬರೆದ ಒಂದು ನೋಟ್ ಪುಸ್ತಕದಿಂದ ದಡ ಸೇರಿದವನು.

ಪ್ರಶ್ನೆ ಕೇಳಿದವರಿಂದ: ನವನಗರದ ತಾಯಿ, ಹದಿನೆಂಟು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಬೆಳಗಾವಿಯ ಅಕ್ಕನವರ ಉತ್ತರ ಓದಿದ ಸಂಜೆಯೇ, ಅತ್ತೆಯವರು ಗುಡಿಗೆ ಹೋದ ಹೊತ್ತಿನಲ್ಲಿ, ಅಂಕಪಟ್ಟಿಯನ್ನು ಅವನ ಮುಂದಿಟ್ಟು, ಆರು ದಿನಗಳಿಂದ ನಾನೂ ಇದನ್ನು ಮುಚ್ಚಿಟ್ಟಿದ್ದೆ ಎಂದು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿ ಕುಳಿತಿದ್ದವನು ಆ ಮಾತಿಗೆ ಸಿದ್ಧನಿರಲಿಲ್ಲ. ಬಹಳ ಹೊತ್ತು ಅತ್ತ. ಊಟ, ನಿದ್ದೆಯ ಬಗ್ಗೆಯೂ ಕೇಳಿದೆ. ಭಯಪಡುವಂತಹದ್ದು ಕಾಣಲಿಲ್ಲ, ಗಮನವಿಟ್ಟಿದ್ದೇನೆ. ಗುರುಗಳು ಊಹಿಸಿದಂತೆಯೇ ಆಗಿತ್ತು: ಒಮ್ಮೆ ತರಗತಿಯಲ್ಲಿ ಪ್ರಶ್ನೆ ಕೇಳಲು ಎದ್ದು ನಿಂತು, ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ಉಳಿದರ್ಧ ಹೊಳೆಯದೆ ಕುಳಿತನಂತೆ. ಹುಡುಗರು ನಕ್ಕರಂತೆ. ಆಗಸ್ಟ್ ತಿಂಗಳಿನಿಂದ ಅವನು ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ.

ತಂದೆಗೆ ಅವನೇ ಹೇಳಿದ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಯಜಮಾನರಿಗೆ ಮೊದಲೇ ಈ ಉತ್ತರಗಳನ್ನು ಓದಿ ಹೇಳಿದ್ದೆ, ತಿಕೋಟಾದ ಸಹೋದರರ ಊಟದ ಪ್ರಸಂಗವನ್ನು ಎರಡು ಬಾರಿ ಓದಿಸಿಕೊಂಡಿದ್ದರು. ವಾಣಿಜ್ಯ ತೆಗೆದುಕೋ ಎಂದಿದ್ದೆನಲ್ಲ ಎಂಬ ಮಾತು ಅವರ ನಾಲಿಗೆಯ ತುದಿಯವರೆಗೆ ಬಂದದ್ದು ನನಗೆ ಕಾಣುತ್ತಿತ್ತು. ಅವರು ನೀರು ಕುಡಿದು, ನನ್ನ ಸಹಿ ಅಷ್ಟು ಚೆನ್ನಾಗಿ ಬರೆಯುವ ಬದಲು ನನ್ನನ್ನು ಒಮ್ಮೆ ಕರೆಯಬಹುದಿತ್ತಲ್ಲ ಎಂದಷ್ಟೇ ಹೇಳಿದರು. ಮರುದಿನ ಕಾಲೇಜಿಗೆ ಇಬ್ಬರೂ ಹೋದರು. ಒಳಗೆ ಹೋಗಿ ಉಪನ್ಯಾಸಕರಿಗೆ ಹೇಳಿದ್ದು ಅವನೇ, ತಂದೆ ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದರು. ಉಪನ್ಯಾಸಕರು ಗದರಿಸಿದರಂತೆ, ಆಮೇಲೆ ಶನಿವಾರ ತರಗತಿ ಮುಗಿದ ನಂತರ ಬಂದು ಕನ್ನಡದಲ್ಲಿಯೇ ಕೇಳು ಎಂದರಂತೆ. ಎಡ ಪುಟ ಬಲ ಪುಟದ ನೋಟ್ ಪುಸ್ತಕ ಆರಂಭವಾಗಿದೆ.

ವಾಹನದ ವಿಷಯದಲ್ಲಿ ಮನೆಯಲ್ಲಿ ಇನ್ನೂ ಜಗಳ ನಡೆದಿದೆ. 18 ತುಂಬುವವರೆಗೆ ಇಲ್ಲ ಎಂದು ಇಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ. ಅವನು ಮುನಿಸಿಕೊಂಡಿದ್ದಾನೆ, ಇರಲಿ.

ಮೊನ್ನೆ ಗುರುವಾರ ರೆಕಾರ್ಡ್ ಪುಸ್ತಕ ತಲೆಬಾಗಿಲ ಪಕ್ಕದ ಕಟ್ಟೆಯ ಮೇಲೆಯೇ ಉಳಿದಿತ್ತು. ಒಂಬತ್ತೂವರೆಗೆ ಕಣ್ಣಿಗೆ ಬಿತ್ತು. ಹತ್ತು ಗಂಟೆಯವರೆಗೆ ಮೂರು ಬಾರಿ ಕೈಗೆತ್ತಿಕೊಂಡು ಮೂರು ಬಾರಿ ಇಟ್ಟೆ. ಅತ್ತೆಯವರು, ಹುಡುಗ ಬಿಟ್ಟುಹೋಗಿದ್ದಾನೆ, ಆಟೋ ಕರೆಯಲೇ ಎಂದು ಕೇಳಿದರು. ಬೇಡ ಎಂದು ಜೋಳ ಹಸನು ಮಾಡಲು ಕುಳಿತೆ. ಸಂಜೆ ಅವನು ಬಂದು, ನನ್ನ ಮುಖ ನೋಡಿ, ಏನನ್ನೂ ಹೇಳದೆ ಪುಸ್ತಕವನ್ನು ಎತ್ತಿ ಚೀಲದೊಳಗೆ ಹಾಕಿಕೊಂಡ. ನಾನೂ ಏನನ್ನೂ ಕೇಳಲಿಲ್ಲ.